ಕೋಳಿಯ ಕರುಳು ಕೆಡುವುದು ಹೊಟ್ಟಿನಿಂದ: ಓದುಗರ ಪ್ರಶ್ನೆ, ಪಶುವೈದ್ಯೆಯ ಉತ್ತರ

ಮಳೆಗಾಲ ಬಂತೆಂದರೆ ಈ ಅಂಕಣಕ್ಕೆ ಹಸುವಿನ ಪತ್ರಗಳು ಕಡಿಮೆಯಾಗಿ ಕೋಳಿಯ ಪತ್ರಗಳು ಹೆಚ್ಚುತ್ತವೆ. ಈ ಸಲ ಬಂದವುಗಳಲ್ಲಿ ಬಹುಪಾಲು ಮಾಂಸದ ಕೋಳಿಯ ಹೊಟ್ಟೆಯದೇ ಸಮಸ್ಯೆ. ಹಾಗಾಗಿ ಇಡೀ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ. ಕರು ಸಾಕಣೆಯ ಬಗ್ಗೆ ಬರೆದವರು ದಯವಿಟ್ಟು ಮುಂದಿನ ಸಂಚಿಕೆಯವರೆಗೆ ಕಾಯಬೇಕು.

ಪ್ರಶ್ನೆ: ಡಾಕ್ಟರಮ್ಮ, ನಮಸ್ಕಾರ. ಮೂರು ಸಾವಿರ ಕೋಳಿಯ ಶೆಡ್ ನಮ್ಮದು, ಕಂಪನಿಯ ಗುತ್ತಿಗೆ ಸಾಕಣೆ. 22ನೇ ದಿನದಿಂದ ಹಿಕ್ಕೆ ನೀರಾಗಿದೆ. ಜೋಳದ ನುಚ್ಚು ಅರಗದೆ ಹಾಗೆಯೇ ಬೀಳುತ್ತಿದೆ. ಅಂಗಡಿಯವರು ಹೇಳಿದ ಎರಡು ಔಷಧ ಕೊಟ್ಟೆ. ಎರಡು ದಿನ ಸರಿಹೋದಂತಿತ್ತು, ಮತ್ತೆ ಅದೇ ಕಥೆ. ಕರುಳಿಗೆ ಒಳ್ಳೆಯ ಔಷಧ ಯಾವುದು?
(ಮದ್ದೂರು ತಾಲ್ಲೂಕು)

ಉತ್ತರ: ಔಷಧದ ಮಾತು ಆಮೇಲೆ. ಪತ್ರಿಕೆ ಕೆಳಗಿಟ್ಟು ಶೆಡ್ಡಿಗೆ ಹೋಗಿ, ನೀರಿನ ಪೈಪಿನ ಕೆಳಗೆ ನೆಲಕ್ಕೆ ಹಾಸಿರುವ ಭತ್ತದ ಹೊಟ್ಟನ್ನು ಒಂದು ಹಿಡಿ ಎತ್ತಿ ಬಿಗಿಯಾಗಿ ಅಮುಕಿ. ಮುಷ್ಟಿ ಬಿಚ್ಚಿದಾಗ ಹೊಟ್ಟು ಉದುರಿದರೆ ಸರಿ. ಮುದ್ದೆಯಾಗಿ ಕೈಯಲ್ಲೇ ಕುಳಿತರೆ ನಿಮ್ಮ ಕೋಳಿಯ ಕಾಯಿಲೆ ಶುರುವಾದದ್ದು ಅಲ್ಲಿಂದಲೇ.

ಒಂದು ಲೆಕ್ಕ ಹಾಕೋಣ. ಈ ವಯಸ್ಸಿನ ಕೋಳಿ ದಿನಕ್ಕೆ ಸುಮಾರು 120 ಗ್ರಾಂ ಆಹಾರ ತಿನ್ನುತ್ತದೆ. ತಿಂದದ್ದರ ಎರಡರಷ್ಟರ ಹತ್ತಿರ ನೀರು ಕುಡಿಯುತ್ತದೆ. ಮೂರು ಸಾವಿರ ಕೋಳಿಗೆ ಅದು ದಿನಕ್ಕೆ ಆರುನೂರೈವತ್ತು, ಏಳುನೂರು ಲೀಟರ್ ಆಯಿತು. ಅದರ ಬಹುಪಾಲು ಹಿಕ್ಕೆಯ ಜೊತೆ ಹೊಟ್ಟಿಗೆ ಬೀಳುತ್ತದೆ, ಉಳಿದದ್ದರಲ್ಲಿ ಹೆಚ್ಚಿನದು ಉಸಿರಿನ ಮೂಲಕ ಶೆಡ್ಡಿನ ಗಾಳಿಗೆ ಸೇರುತ್ತದೆ. ಈ ತೇವವೆಲ್ಲ ಹೊರಗೆ ಹೋಗಬೇಕಾದರೆ ಗಾಳಿಯೇ ದಾರಿ. ಎರಚಲು ಹೊಡೆಯುತ್ತದೆಂದು ಎರಡೂ ಬದಿಯ ಪರದೆಯನ್ನು ಹಗಲು ರಾತ್ರಿ ಇಳಿಸಿ ಬಿಟ್ಟರೆ ಆ ನೀರೆಲ್ಲ ಒಳಗೇ ಉಳಿಯುತ್ತದೆ. ಬೆಳಿಗ್ಗೆ ಬಾಗಿಲು ತೆಗೆದಾಗ ಕಣ್ಣು ಉರಿಯುತ್ತದೆಯೇ? ಒದ್ದೆ ಹಿಕ್ಕೆಯಿಂದ ಏಳುವ ಅಮೋನಿಯಾ ಅನಿಲ ಮನುಷ್ಯರ ಕಣ್ಣಿನ ಎತ್ತರದಲ್ಲೇ ಅಷ್ಟಿದ್ದರೆ ನೆಲಕ್ಕೆ ಮೂಗು ತಾಗಿಸಿಕೊಂಡು ಬದುಕುವ ಜೀವದ ಪಾಡನ್ನು ಯೋಚಿಸಿ.

ಒದ್ದೆ ಹೊಟ್ಟಿಗೂ ಕರುಳಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ರಕ್ತಭೇದಿ ತರುವ ಕಾಕ್ಸಿಡಿಯಾ ಎಂಬ ಪರಾವಲಂಬಿ ಪ್ರತಿಯೊಂದು ಶೆಡ್ಡಿನಲ್ಲೂ ಇರುತ್ತದೆ. ಹಿಕ್ಕೆಯಲ್ಲಿ ಹೊರಬೀಳುವ ಅದರ ಮೊಟ್ಟೆಯಂಥ ಕೋಶ ಹೊರಬಿದ್ದ ಕೂಡಲೇ ರೋಗ ಹರಡುವುದಿಲ್ಲ. ತೇವ, ಬೆಚ್ಚಗಿನ ವಾತಾವರಣ, ಗಾಳಿ ಈ ಮೂರೂ ಸಿಕ್ಕರೆ ಒಂದೆರಡು ದಿನದಲ್ಲಿ ಬಲಿಯುತ್ತದೆ. ಬಲಿತ ಕೋಶವನ್ನು ಕೋಳಿ ಹೊಟ್ಟಿನ ಜೊತೆ ಕುಕ್ಕಿ ನುಂಗಿದರೆ ಅದು ಕರುಳಿನ ಒಳಗೋಡೆಯ ಜೀವಕೋಶಗಳನ್ನು ಹೊಕ್ಕು, ಒಡೆದು, ವಾರದೊಳಗೆ ಸಾವಿರಾರು ಹೊಸ ಕೋಶಗಳಾಗಿ ಹೊರಬರುತ್ತದೆ. ಒಣಹೊಟ್ಟಿನಲ್ಲಿ ಈ ಸುತ್ತು ನಿಧಾನ, ಕೋಳಿಗೆ ಅಷ್ಟರಲ್ಲಿ ರೋಗನಿರೋಧಕ ಶಕ್ತಿ ಬಂದಿರುತ್ತದೆ. ಒದ್ದೆ ಹೊಟ್ಟಿನಲ್ಲಿ ಸುತ್ತಿನ ಮೇಲೆ ಸುತ್ತು. ಮೂರನೇ, ನಾಲ್ಕನೇ ವಾರದಲ್ಲಿ ಕಾಯಿಲೆ ಏಳುವುದು ಅದಕ್ಕೇ. ಗಾಯವಾದ ಕರುಳಿನಿಂದ ಪ್ರೋಟೀನು ಒಸರುತ್ತದೆ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾಕ್ಕೆ ಅದೇ ಊಟ. ಆರೋಗ್ಯವಂತ ಕೋಳಿಯಲ್ಲೂ ಸ್ವಲ್ಪ ಪ್ರಮಾಣದಲ್ಲಿ, ತೊಂದರೆ ಕೊಡದೆ ಇರುವ ಈ ಬ್ಯಾಕ್ಟೀರಿಯಾ ಊಟ ಸಿಕ್ಕಿದ ಕೂಡಲೇ ಹೆಚ್ಚಿ ವಿಷ ಸುರಿಸುತ್ತದೆ. ಕರುಳು ಕೊಳೆಯುವ ಈ ರೋಗಕ್ಕೆ ನೆಕ್ರಾಟಿಕ್ ಎಂಟರೈಟಿಸ್ ಎನ್ನುತ್ತಾರೆ. ಕರುಳು ಅರಗಿಸದಿದ್ದರೆ ಹಿಕ್ಕೆ ನೀರಾಗುತ್ತದೆ, ಹಿಕ್ಕೆ ನೀರಾದರೆ ಹೊಟ್ಟು ಇನ್ನಷ್ಟು ಒದ್ದೆಯಾಗುತ್ತದೆ. ನಿಮ್ಮ ಎರಡು ಔಷಧ ಈ ಚಕ್ರವನ್ನು ಎರಡು ದಿನ ತಡೆದವು, ಹೊಟ್ಟು ಅದನ್ನು ಮತ್ತೆ ತಿರುಗಿಸಿತು.

ಕಳೆದ ಮುಂಗಾರಿನಲ್ಲಿ ಮಳವಳ್ಳಿ ಕಡೆಯ ಒಂದು ಶೆಡ್ಡಿನಲ್ಲಿ ಆಗಷ್ಟೇ ಸತ್ತ ಎರಡು ಕೋಳಿಗಳನ್ನು ಹೊಂಗೆ ಮರದ ಕೆಳಗೆ ಗೋಣಿಚೀಲದ ಮೇಲೆ ಕೊಯ್ದು ಆ ಮನೆಯವರಿಗೆಲ್ಲ ತೋರಿಸಿದೆ. ಒಂದು ಕೋಳಿ ಕಾಲು ಸಿಕ್ಕಿಹಾಕಿಕೊಂಡು ಸತ್ತಿತ್ತು, ಅದರ ಕರುಳು ಆರೋಗ್ಯವಾಗಿತ್ತು. ತಿಳಿ ಗುಲಾಬಿ ಬಣ್ಣ, ಬೆರಳಲ್ಲಿ ಹಿಡಿದರೆ ಗಟ್ಟಿ ಕೊಳವೆ. ಕತ್ತರಿಯಿಂದ ಉದ್ದಕ್ಕೆ ಸೀಳಿದಾಗ ಅಂಚು ತಾನಾಗಿ ಸುರುಳಿಕೊಂಡಿತು. ಇನ್ನೊಂದರ ಕರುಳು ಗಾಳಿ ತುಂಬಿ ಉಬ್ಬಿತ್ತು. ಗೋಡೆ ಎಷ್ಟು ತೆಳುವಾಗಿತ್ತೆಂದರೆ ಒಳಗಿನ ಜೋಳದ ನುಚ್ಚು ಹೊರಗಿನಿಂದಲೇ ಕಾಣುತ್ತಿತ್ತು. ಸೀಳಿದರೆ ಅಂಚು ಸುರುಳಿಕೊಳ್ಳಲಿಲ್ಲ, ಜೋಲುಬಿದ್ದಿತು. ಒಳಗೆ ಕಿತ್ತಳೆ ಬಣ್ಣದ ಲೋಳೆ, ಅದರ ಕೆಳಗೆ ಒರಟು ಟವೆಲ್ಲಿನಂತೆ ಹಳದಿ ಹೊದಿಕೆ. ಆ ಮನೆಯ ಹೆಣ್ಣುಮಗಳು ನನಗಿಂತ ಮೊದಲೇ, "ಈ ಕರುಳು ಏನನ್ನು ತಾನೇ ಅರಗಿಸೀತು ಡಾಕ್ಟರಮ್ಮ" ಎಂದರು. ಶೆಡ್ಡಿನಲ್ಲಿ ದುಡಿಯುವ ಪ್ರತಿಯೊಬ್ಬರೂ ಒಮ್ಮೆಯಾದರೂ ಇದನ್ನು ಪಶುವೈದ್ಯರ ಜೊತೆ ನಿಂತು ನೋಡಬೇಕು.

ಈಗ ಮಾಡಬೇಕಾದದ್ದು. ಹೆಂಟೆ ಕಟ್ಟಿದ ಹೊಟ್ಟನ್ನು ಸಲಿಕೆಯಿಂದ ಎತ್ತಿ ಹೊರಗೆ ಸಾಗಿಸಿ, ಆ ಜಾಗಕ್ಕೆ ಒಣಹೊಟ್ಟು ಹಾಕಿ. ಮದ್ದೂರಿನಲ್ಲಿ ಅಕ್ಕಿ ಗಿರಣಿಗೆ ಬರವಿಲ್ಲ, ಹೊಟ್ಟಿಗೆ ಜಿಪುಣತನ ಬೇಡ. ಮಳೆಯಲ್ಲಿ ನೆನೆದ ಮೂಟೆಯನ್ನು ಮಾತ್ರ ಪುಕ್ಕಟೆ ಕೊಟ್ಟರೂ ತರಬೇಡಿ, ಅದರ ಬೂಷ್ಟು ಶ್ವಾಸಕೋಶಕ್ಕೆ ಹೋಗುತ್ತದೆ. ಉಳಿದ ಹೊಟ್ಟನ್ನು ದಿನವೂ ತಿರುವಿಹಾಕಿ. ಒದ್ದೆ ಹೊಟ್ಟಿನ ಮೇಲೆ ಸುಣ್ಣ ಸುರಿಯುವ ಪದ್ಧತಿ ನಮ್ಮ ಕಡೆ ಇದೆ. ಕೋಳಿ ಒಳಗಿರುವಾಗ ಹಾಗೆ ಮಾಡಿದರೆ ಅಮೋನಿಯಾ ಇನ್ನೂ ಎದ್ದು ಬರುತ್ತದೆ. ನೀರಿನ ಪೈಪಿನ ನಿಪ್ಪಲ್ಲುಗಳಲ್ಲಿ (ಕೋಳಿ ಕೊಕ್ಕಿನಿಂದ ಒತ್ತಿ ನೀರು ಕುಡಿಯುವ ತೊಟ್ಟುಗಳು) ಯಾವುದು ತೊಟ್ಟಿಕ್ಕುತ್ತಿದೆ ಎಂದು ರಾತ್ರಿ ದೀಪ ಆರಿಸಿ ಟಾರ್ಚ್ ಬಿಟ್ಟು ನೋಡಿ. ಪೈಪಿನ ಎತ್ತರ ಕೋಳಿ ಕತ್ತೆತ್ತಿ ಕುಡಿಯುವಷ್ಟಿರಲಿ. ಮಳೆ ಬಾರದ ಬದಿಯ ಪರದೆಯ ಮೇಲ್ಭಾಗದಲ್ಲಿ ಒಂದು ಅಡಿ ಸಂದು ರಾತ್ರಿಯೂ ತೆರೆದಿರಲಿ.

ಶ್ರಾವಣ ಮಾಸದಲ್ಲಿ ಬೇಡಿಕೆ ಇಳಿದು ಕಂಪನಿಯವರು ಮಾರಾಟಕ್ಕೆ ಕೋಳಿ ಹಿಡಿದೊಯ್ಯುವುದು ತಡವಾಗುತ್ತದೆ. ಕೋಳಿ 40 ದಿನ ದಾಟಿ ನಿಂತರೆ ಚದರ ಅಡಿಗೆ ಒಂದರಂತೆ ಬಿಟ್ಟ ಜಾಗ ಸಾಲದು. ಆ ತಿಂಗಳಿಗೆ ಬೀಳುವ ಬ್ಯಾಚಿಗೆ ಮರಿ ಕಡಿಮೆ ತೆಗೆದುಕೊಳ್ಳಿ ಎಂಬುದು ನನ್ನ ಖಚಿತ ಸಲಹೆ.

ಇಷ್ಟಾದ ಮೇಲೆ ಔಷಧ. ರಕ್ತಭೇದಿಯೋ, ಕ್ಲಾಸ್ಟ್ರಿಡಿಯಂ ಕಾಟವೋ, ಎರಡೂ ಸೇರಿದೆಯೋ ಎಂಬುದನ್ನು ಹೊಸದಾಗಿ ಸತ್ತ ಕೋಳಿಯನ್ನು ಕೊಯ್ದು ನೋಡಿದರೆ ಮಾತ್ರ ಹೇಳಬಹುದು. ಎರಡರ ಔಷಧವೂ ಬೇರೆ ಬೇರೆ. ತಾಲ್ಲೂಕಿನ ಪಶು ಆಸ್ಪತ್ರೆಗೆ ಒಂದು ಕೋಳಿ ಒಯ್ಯಿರಿ. ಅವರಿವರ ಮಾತು ಕೇಳಿ ನೀವು ಕೊಡುವ ಔಷಧದಲ್ಲಿ ಇನ್ನೊಂದು ಅಪಾಯವಿದೆ. ನಿಮ್ಮ ಆಹಾರದಲ್ಲಿ ರಕ್ತಭೇದಿ ತಡೆಗೆಂದು ಸ್ಯಾಲಿನೋಮೈಸಿನ್ ಅಥವಾ ಮೊನೆನ್ಸಿನ್ ಬೆರೆಸಿದ್ದರೆ, ಅದರ ಮೇಲೆ ಟಿಯಾಮುಲಿನ್ ಎಂಬ ಪ್ರತಿಜೀವಕ (ಆಂಟಿಬಯಾಟಿಕ್) ಕೊಟ್ಟಾಗ ಎರಡೂ ಸೇರಿ ಕೋಳಿಗೆ ವಿಷವಾಗುತ್ತದೆ. ಕಾಲು ಸೋತು ಸಾಲಾಗಿ ಮಲಗುತ್ತವೆ. ಆಹಾರದ ಚೀಲದ ಚೀಟಿ ಓದದೆ ಅಂಗಡಿಯವರು ಯಾವ ಭರವಸೆಯಿಂದ ಔಷಧ ಕೊಡುತ್ತಾರೋ ನನಗೆ ಅರ್ಥವಾಗುವುದಿಲ್ಲ.

ಪ್ರಶ್ನೆ: ಮರಿ ಬಂದ ದಿನದಿಂದ ಐದು ದಿನ ಪ್ರತಿಜೀವಕ ಕೊಡಬೇಕೆಂದು ನಮ್ಮ ಕಂಪನಿಯ ಸೂಪರ್‌ವೈಸರ್ ಹೇಳುತ್ತಾರೆ. ಮರಿಗೆ ಏನೂ ಆಗಿಲ್ಲದಿದ್ದರೂ ಕೊಡಬೇಕೇ? ಅದರ ಜೊತೆಗೇ ಪ್ರೋಬಯಾಟಿಕ್ (ಒಳ್ಳೆಯ ಬ್ಯಾಕ್ಟೀರಿಯಾಗಳ) ಪುಡಿಯನ್ನೂ ಕೊಟ್ಟಿದ್ದಾರೆ.
(ಕಿರುಗಾವಲು ಹತ್ತಿರದಿಂದ)

ಉತ್ತರ: ಕೊಡಬಾರದು. ಇಂಥ ಪ್ರಶ್ನೆ ಕೇಳುವ ರೈತರು ಹೆಚ್ಚಲಿ ಎಂದು ನಾನು ಬಹಳ ಕಾಲದಿಂದ ಬಯಸುತ್ತಿದ್ದೇನೆ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಹಿತ್ತಲಿನಲ್ಲಿ ಕಾವಿಗೆ ಕೂತ ಹೇಂಟೆ ಮರಿ ಮಾಡಿದರೆ ಮರಿ ಮೊದಲ ದಿನದಿಂದಲೇ ತಾಯಿ ಕೆದಕಿದಲ್ಲಿ ಕೆದಕುತ್ತದೆ, ತಾಯಿಯ ಹಿಕ್ಕೆ ಬಿದ್ದ ಮಣ್ಣನ್ನು ಕುಕ್ಕುತ್ತದೆ. ತಾಯಿಯ ಕರುಳಿನ ಬ್ಯಾಕ್ಟೀರಿಯಾಗಳು ಹಾಗೆ ಮರಿಗೆ ದಾಟುತ್ತವೆ. ಹ್ಯಾಚರಿಯ ಮರಿಗೆ ತಾಯಿಯ ಮುಖವೇ ಗೊತ್ತಿಲ್ಲ. ಅದರ ಕರುಳು ಹೆಚ್ಚುಕಡಿಮೆ ಖಾಲಿ. ಟ್ರೇ, ಲಾರಿ, ನಿಮ್ಮ ಕೈ, ಹೊಟ್ಟು, ನೀರು ಇವುಗಳಲ್ಲಿ ಏನಿದೆಯೋ ಅದೇ ಮೊದಲು ಬಂದು ನೆಲೆಸುತ್ತದೆ. ಫಿನ್ಲೆಂಡಿನಲ್ಲಿ ಕೋಳಿಗಳಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಕಾರಕ ಬ್ಯಾಕ್ಟೀರಿಯಾದ ಹಾವಳಿ ಎದ್ದ ಮೇಲೆ ನುರ್ಮಿ ಮತ್ತು ರಂಟಾಲ ಎಂಬ ವಿಜ್ಞಾನಿಗಳು 1973ರಲ್ಲಿ ಇದನ್ನು ಪ್ರಯೋಗದಿಂದ ತೋರಿಸಿದರು. ಆರೋಗ್ಯವಂತ ದೊಡ್ಡ ಕೋಳಿಯ ಕರುಳಿನ ಸಾರವನ್ನು ಎಳೆಮರಿಗಳಿಗೆ ಕುಡಿಸಿ, ಆಮೇಲೆ ಸಾಲ್ಮೊನೆಲ್ಲಾ ಕೊಟ್ಟರೂ ಅದಕ್ಕೆ ಆ ಮರಿಗಳಲ್ಲಿ ಸುಲಭವಾಗಿ ನೆಲೆ ಸಿಗಲಿಲ್ಲ. ಒಳ್ಳೆಯವು ಮೊದಲು ಜಾಗ ಹಿಡಿದರೆ ಕೆಟ್ಟವಕ್ಕೆ ಜಾಗವಿಲ್ಲ. ಪ್ರೋಬಯಾಟಿಕ್ ಎಂಬ ವ್ಯಾಪಾರದ ಬುನಾದಿಯಲ್ಲಿ ಈ ತಿಳಿವಳಿಕೆಯೂ ಇದೆ.

ಜಾಗ ಹಿಡಿಯಬೇಕಾದ ಆ ಮೊದಲ ವಾರದಲ್ಲೇ ಪ್ರತಿಜೀವಕ ಕೊಟ್ಟರೆ ಬಂದವರನ್ನೆಲ್ಲ ಗುಡಿಸಿ ಹೊರಹಾಕಿದಂತೆ. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು ಮಾತ್ರ ಉಳಿಯುತ್ತವೆ. ಜೊತೆಗೇ ಪ್ರೋಬಯಾಟಿಕ್ ಬೇರೆ. ಒಂದು ಕೊಲ್ಲುತ್ತದೆ, ಇನ್ನೊಂದು ಸಾಯಲೆಂದೇ ಒಳಗೆ ಹೋಗುತ್ತದೆ. ಆ ಪುಡಿಯನ್ನು ಬ್ಲೀಚಿಂಗ್ ಪೌಡರ್ ಹಾಕಿದ ನೀರಿಗೆ ಬೆರೆಸುವವರನ್ನೂ ಕಂಡಿದ್ದೇನೆ. ಅದರಲ್ಲಿರುವ ಕ್ಲೋರಿನ್ನಿಗೆ ಒಳ್ಳೆಯ ಬ್ಯಾಕ್ಟೀರಿಯಾ, ಕೆಟ್ಟ ಬ್ಯಾಕ್ಟೀರಿಯಾ ಎಂಬ ಭೇದವಿಲ್ಲ. ಬೇರೆ ದಿನಗಳಲ್ಲಿ ಸಾವಿರ ಲೀಟರಿಗೆ ಹತ್ತು ಗ್ರಾಂ ತಾಜಾ ಬ್ಲೀಚಿಂಗ್ ಪೌಡರನ್ನು ರಾತ್ರಿಯೇ ಟ್ಯಾಂಕಿಗೆ ಹಾಕಿ, ಬೆಳಿಗ್ಗೆ ಕುಡಿಸಿ. ಪ್ರೋಬಯಾಟಿಕ್ ಕೊಡುವ ದಿನ ಮತ್ತು ನೀರಿನಲ್ಲಿ ಲಸಿಕೆ ಹಾಕುವ ದಿನ ಕ್ಲೋರಿನ್ ಇಲ್ಲದ ನೀರು, ಹಿಂದಿನ ದಿನವೇ ತೊಳೆದ ಪೈಪು.

ಇದು ಶೆಡ್ಡಿನ ಗೋಡೆಯೊಳಗೆ ಮುಗಿಯುವ ವಿಷಯವೂ ಅಲ್ಲ. ಕೋಳಿಗೆ ಚೂರು ಚೂರು ಪ್ರತಿಜೀವಕ ತಿನ್ನಿಸಿದರೆ ಬೇಗ ತೂಕ ಬರುತ್ತದೆ ಎಂದು ಅಮೆರಿಕದಲ್ಲಿ 1940ರ ದಶಕದ ಕೊನೆಯಲ್ಲಿ ಕಂಡುಕೊಂಡರು, ಲೋಕವೆಲ್ಲ ಅದನ್ನೇ ಹಿಡಿಯಿತು. ಸ್ವೀಡನ್ 1986ರಲ್ಲೇ ಅದನ್ನು ನಿಲ್ಲಿಸಿತು, ಯುರೋಪಿನ ಒಕ್ಕೂಟ 2006ರ ಜನವರಿಯಿಂದ ಪೂರ್ತಿ ನಿಷೇಧಿಸಿತು. ನಮ್ಮಲ್ಲಿ ಕೊಲಿಸ್ಟಿನ್ ಎಂಬ ಪ್ರತಿಜೀವಕವನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಡುವುದನ್ನು ಕೇಂದ್ರ ಆರೋಗ್ಯ ಸಚಿವಾಲಯ 2019ರ ಜುಲೈನಲ್ಲಿ ನಿಷೇಧಿಸಿದೆ. ಏಕೆಂದರೆ ಬೇರೆ ಯಾವ ಔಷಧವೂ ನಾಟದ ರೋಗಿಗೆ ತೀವ್ರ ನಿಗಾ ಘಟಕದಲ್ಲಿ ಕೊನೆಗೆ ಕೊಡುವುದು ಅದನ್ನೇ. ಕೊಲಿಸ್ಟಿನ್ನಿಗೆ ಬಗ್ಗದಂತೆ ಮಾಡುವ, ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ಜಿಗಿಯುವ ಜೀನ್ 2015ರಲ್ಲಿ ಚೀನಾದ ಹಂದಿಗಳಲ್ಲಿ, ಮಾಂಸದಲ್ಲಿ ಮತ್ತು ಮನುಷ್ಯರಲ್ಲಿ ಪತ್ತೆಯಾಯಿತು. ನಿಮ್ಮ ಶೆಡ್ಡಿನ ಗೊಬ್ಬರ ನಿಮ್ಮದೇ ಕಬ್ಬಿನ ಗದ್ದೆಗೆ ಹೋಗುತ್ತದೆ, ಅಲ್ಲಿಂದ ಕಾಲುವೆಗೆ. ನಿಮ್ಮ ಮನೆಯ ಮಕ್ಕಳು ಅಲ್ಲೇ ಓಡಾಡುತ್ತಾರೆ.

ಕೋಳಿಗೆ ನಿಜವಾಗಿ ಬ್ಯಾಕ್ಟೀರಿಯಾದ ರೋಗ ಬಂದಾಗ ಪ್ರತಿಜೀವಕ ಬೇಡ ಎಂದು ನಾನು ಹೇಳುತ್ತಿಲ್ಲ. ಆಗ ಕೊಡಲೇಬೇಕು, ವೈದ್ಯರು ಹೇಳಿದಷ್ಟು ದಿನ, ಹೇಳಿದಷ್ಟೇ ಪ್ರಮಾಣ. ಮಾರಾಟಕ್ಕೆ ಮುಂಚೆ ಎಷ್ಟು ದಿನ ನಿಲ್ಲಿಸಬೇಕೆಂದು ಚೀಟಿಯಲ್ಲಿ ಬರೆದಿರುತ್ತದೆ, ಅದನ್ನು ಪಾಲಿಸಬೇಕು. ಸೂಪರ್‌ವೈಸರ್ ಮುಂದೆ ಹೇಗೆ ಮಾತಾಡುವುದೆಂಬ ಅಳುಕು ನಿಮ್ಮ ಪತ್ರದಲ್ಲಿ ಕಾಣುತ್ತದೆ. ಜಗಳ ಬೇಡ. ಶೆಡ್ಡಿನ ಕಾರ್ಡಿನಲ್ಲಿ ಔಷಧದ ಹೆಸರು, ಪ್ರಮಾಣ, ಕೊಟ್ಟ ಕಾರಣ ಬರೆದು ಸಹಿ ಮಾಡಿಕೊಡಿ ಎಂದು ಕೇಳಿ. ಕಾರಣ ಬರೆಯಬೇಕಾಗಿ ಬಂದಾಗ ಎಷ್ಟೋ ಔಷಧ ತಾನಾಗಿ ಕೈಬಿಟ್ಟುಹೋಗುತ್ತದೆ.

ಪ್ರಶ್ನೆ: ಹಾಗಾದರೆ ಮೊದಲ ವಾರ ಏನು ಮಾಡಬೇಕು? ನಾವು ಬೆಲ್ಲದ ನೀರು ಕೊಡುತ್ತೇವೆ. ಸರಿಯೇ?
(ಪಾಂಡವಪುರ. ಇಂಥದೇ ಪ್ರಶ್ನೆ ಹುಣಸೂರಿನಿಂದಲೂ ಬಂದಿದೆ)

ಉತ್ತರ: ಪ್ರಯಾಣದಲ್ಲಿ ದಣಿದ ಮರಿಗೆ ಮೊದಲ ಕೆಲವು ಗಂಟೆ ತೆಳುವಾದ ಬೆಲ್ಲದ ನೀರು ಒಳ್ಳೆಯದೇ. ದಿನವಿಡೀ ಕೊಟ್ಟರೆ ಹಿಕ್ಕೆ ಅಂಟಾಗಿ ಗುದದ್ವಾರಕ್ಕೆ ಮೆತ್ತಿಕೊಳ್ಳುತ್ತದೆ, ಪೈಪಿನಲ್ಲಿ ಲೋಳೆ ಕಟ್ಟುತ್ತದೆ. ಆಮೇಲೆ ಬರೀ ನೀರು.

ಬೆಲ್ಲಕ್ಕಿಂತ ದೊಡ್ಡ ವಿಷಯ ಕಾವು ಮತ್ತು ಮೊದಲ ತುತ್ತು. ಮರಿ ಇಳಿಸುವ ಮುಂಚೆಯೇ ಹೊಟ್ಟು ಬೆಚ್ಚಗಾಗಿರಬೇಕು. ಮರಿಯ ಮಟ್ಟದಲ್ಲಿ 32ರಿಂದ 34 ಡಿಗ್ರಿ ಸೆಲ್ಸಿಯಸ್ ಇರಲಿ. ಪಾದ ತಣ್ಣಗಾದ ಮರಿ ಗುಂಪುಗೂಡಿ ನಿಲ್ಲುತ್ತದೆ, ಆಹಾರದ ಕಡೆ ಬರುವುದಿಲ್ಲ. ಹೊಟ್ಟೆಗೆ ಬೇಗ ಆಹಾರ ಬಿದ್ದಷ್ಟೂ ಕರುಳು ಬೇಗ ಬೆಳೆಯುತ್ತದೆ, ಒಳಗೆ ಉಳಿದಿರುವ ಮೊಟ್ಟೆಯ ಹಳದಿಯೂ ಬೇಗ ಕರಗುತ್ತದೆ. 24 ಗಂಟೆಯ ಬಳಿಕ ಶೆಡ್ಡಿನ ಬೇರೆ ಬೇರೆ ಮೂಲೆಗಳಿಂದ ನೂರು ಮರಿ ಹಿಡಿದು ಕತ್ತಿನ ಬುಡದ ಮೇವುಚೀಲವನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿ ನೋಡಿ. ತುಂಬಿ, ನೆನೆದ ಹಿಟ್ಟಿನ ಹದದಲ್ಲಿದ್ದರೆ ತಿಂದೂ ಇದೆ, ಕುಡಿದೂ ಇದೆ. ಗಟ್ಟಿಯಾಗಿ ಕಾಳು ಕಾಳಾಗಿ ಸಿಕ್ಕರೆ ನೀರು ಸಿಕ್ಕಿಲ್ಲ. ಬರೀ ನೀರಿನ ಚೀಲವಾಗಿದ್ದರೆ ಆಹಾರ ಸಿಕ್ಕಿಲ್ಲ. ನೂರಕ್ಕೆ 95 ಮರಿಗಳದಾದರೂ ಸರಿಯಾಗಿ ತುಂಬಿರಬೇಕು.

ಪ್ರಶ್ನೆ: ಮೊಬೈಲಿನಲ್ಲಿ ಚಿತ್ರ ಕಳಿಸಿದ್ದೇನೆ. ಕಂದು ಬಣ್ಣದ, ಅಂಟಂಟಾದ, ವಿಪರೀತ ನಾತದ ಹಿಕ್ಕೆ ಅಲ್ಲಲ್ಲಿ ಬೀಳುತ್ತಿದೆ. ಕೋಳಿ ಚೆನ್ನಾಗಿಯೇ ತಿನ್ನುತ್ತಿದೆ. ಭೇದಿ ಔಷಧ ಶುರು ಮಾಡಲೇ?
(ನಂಜನಗೂಡು)

ಉತ್ತರ: ಬೇಡ. ಚಿತ್ರ ನೋಡಿ ನನಗೆ ಸಂತೋಷವಾಯಿತು, ಅದು ಆರೋಗ್ಯದ ಗುರುತು. ಕೋಳಿಯ ಸಣ್ಣ ಕರುಳು ಮುಗಿಯುವಲ್ಲಿ ಎರಡು ಕುರುಡು ಕರುಳುಗಳಿವೆ, ಒಂದು ಬದಿ ಮುಚ್ಚಿದ ಚೀಲಗಳು. ಕೋಳಿಯ ಮೈಯಲ್ಲಿ ಬ್ಯಾಕ್ಟೀರಿಯಾ ಅತಿ ಹೆಚ್ಚಾಗಿರುವುದು ಅಲ್ಲೇ, ಒಂದು ಗ್ರಾಮಿನಲ್ಲಿ ಸಾವಿರ ಕೋಟಿಗೂ ಮೇಲೆ. ಅರಗದೆ ಉಳಿದ ನಾರನ್ನು ಅವು ಹುಳಿಯಿಸಿ ಬ್ಯುಟಿರಿಕ್ ಆಮ್ಲದಂಥ ಆಮ್ಲಗಳನ್ನು ಮಾಡುತ್ತವೆ. ಕರುಳಿನ ಒಳಗೋಡೆಯ ಜೀವಕೋಶಗಳಿಗೆ ಅದೇ ಆಹಾರ. ಆ ಚೀಲಗಳು ಆಗಾಗ ಖಾಲಿಯಾಗುತ್ತವೆ. ಎಂಟು ಹತ್ತು ಸಾಧಾರಣ ಹಿಕ್ಕೆಗೆ ಒಂದು ಇಂಥದ್ದು ಬಿದ್ದರೆ ಕುರುಡು ಕರುಳು ತನ್ನ ಕೆಲಸ ಮಾಡುತ್ತಿದೆ ಎಂದರ್ಥ. ಅದರಲ್ಲಿ ನೊರೆ ಗುಳ್ಳೆ ಎದ್ದರೆ ಮೇಲೆ ಎಲ್ಲೋ ಆಹಾರ ಅರಗುತ್ತಿಲ್ಲ. ರಕ್ತ ಕಂಡರೆ ತಡಮಾಡದೆ ವೈದ್ಯರನ್ನು ಕರೆಯಿರಿ.

ಪ್ರಶ್ನೆ: ಹಿತ್ತಲಲ್ಲಿ ಐವತ್ತು ಗಿರಿರಾಜ ಕೋಳಿ ಇವೆ. ಪ್ರೋಬಯಾಟಿಕ್ ಬದಲು ಮಜ್ಜಿಗೆ ಕೊಡಬಹುದೇ?
(ಕೆ.ಆರ್. ಪೇಟೆ)

ಉತ್ತರ: ಉಪ್ಪು ಹಾಕದ ನೀರುಮಜ್ಜಿಗೆಯನ್ನು ಮಣ್ಣಿನ ಅಗಲ ಪಾತ್ರೆಯಲ್ಲಿ ವಾರಕ್ಕೆ ಒಂದೆರಡು ಸಲ, ಒಂದೆರಡು ಗಂಟೆ ಇಟ್ಟು ತೆಗೆಯಿರಿ, ತೊಂದರೆಯಿಲ್ಲ. ಹೆಚ್ಚಾದರೆ ಹಾಲಿನ ಸಕ್ಕರೆ ಅರಗದೆ ಹಿಕ್ಕೆ ಸಡಿಲವಾಗುತ್ತದೆ. ಮಜ್ಜಿಗೆಯ ಬ್ಯಾಕ್ಟೀರಿಯಾ ಕೋಳಿಯ ಕರುಳಿನಲ್ಲಿ ಮನೆ ಮಾಡಿಕೊಂಡು ಉಳಿಯುತ್ತದೆ ಎಂದು ಮಾತ್ರ ನಂಬಬೇಡಿ. ನಿಪ್ಪಲ್ ಪೈಪು ಇರುವ ಫಾರಂನವರು ಮಜ್ಜಿಗೆಯ ತಂಟೆಗೇ ಹೋಗಬಾರದು, ಪೈಪಿನೊಳಗೆ ಕೊಳೆತು ಬೇಡದ್ದೆಲ್ಲ ಬೆಳೆಯುತ್ತದೆ.

ಪ್ರಶ್ನೆ: ಕೋಳಿಯ ಕರುಳಿನಲ್ಲಿ ಇಷ್ಟೊಂದು ಬ್ಯಾಕ್ಟೀರಿಯಾ ಇದ್ದರೆ ನಾವು ತಿನ್ನುವುದು ಹೇಗೆ? ಫಾರಂ ಕೋಳಿ ಬಿಟ್ಟು ನಾಟಿ ಕೋಳಿಯನ್ನೇ ತರಬೇಕೇ? ನಾನು ಅರಿಶಿನ, ಉಪ್ಪು ಹಾಕಿ ನಲ್ಲಿಯ ಕೆಳಗೆ ಚೆನ್ನಾಗಿ ತೊಳೆಯುತ್ತೇನೆ.
(ಕುವೆಂಪುನಗರ, ಮೈಸೂರು)

ಉತ್ತರ: ನಾಟಿ ಕೋಳಿಯ ಕರುಳಿನಲ್ಲೂ ಬ್ಯಾಕ್ಟೀರಿಯಾ ಇದೆ, ಇರಲೇಬೇಕು. ರುಚಿಗೆ ತನ್ನಿ, ಭಯಕ್ಕೆ ಬೇಡ. ಕ್ಯಾಂಪಿಲೋಬ್ಯಾಕ್ಟರ್ ಎಂಬುದು ಕೋಳಿಗೆ ಅಷ್ಟಾಗಿ ತೊಂದರೆ ಕೊಡದೆ ಅದರ ಕರುಳಿನಲ್ಲಿರುತ್ತದೆ, ಮನುಷ್ಯರ ಹೊಟ್ಟೆಗೆ ಹೋದರೆ ಜ್ವರ, ಭೇದಿ ತರುತ್ತದೆ. ಸಾಲ್ಮೊನೆಲ್ಲಾ ಕೂಡ ಹಾಗೆಯೇ. ಅಂಗಡಿಯಲ್ಲಿ ಕರುಳು ತೆಗೆಯುವಾಗ ಇವು ಮಾಂಸಕ್ಕೆ ತಗಲುತ್ತವೆ. ನಮ್ಮ ಕೋಳಿ ಸಾರು ಕುದಿಯುವ ಹೊತ್ತಿಗೆ ಎರಡೂ ಸತ್ತಿರುತ್ತವೆ, ಮಾಂಸದ ಒಳಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಸಾಕು. ಕಬಾಬ್ ಮಾತ್ರ ಹೊರಗೆ ಕೆಂಪಾಗಿ ಒಳಗೆ ಹಸಿಯಾಗಿ ಉಳಿಯಬಹುದು, ಮೂಳೆಯ ಹತ್ತಿರ ಬಿಡಿಸಿ ನೋಡಿ.

ಅಪಾಯ ಇರುವುದು ನಲ್ಲಿಯ ಕೆಳಗೆ. ರಭಸದ ನೀರು ಮಾಂಸಕ್ಕೆ ಬಡಿದು ಸಿಡಿದಾಗ ಆ ಹನಿಗಳು ಪಕ್ಕದಲ್ಲಿ ತೊಳೆದಿಟ್ಟ ತಟ್ಟೆಗೆ, ಸೊಪ್ಪಿಗೆ ಹೋಗುತ್ತವೆ. ತೊಳೆಯದೆ ಅಡುಗೆ ಮಾಡಲು ಮನಸ್ಸು ಒಪ್ಪುವುದಿಲ್ಲ ಎಂದು ನನಗೆ ಗೊತ್ತು. ಹಾಗಾದರೆ ಅಗಲವಾದ ಪಾತ್ರೆಯಲ್ಲಿ ನಿಂತ ನೀರಿನಲ್ಲಿ ಮೆಲ್ಲಗೆ ಜಾಲಿಸಿ, ಆ ನೀರನ್ನು ಸಿಡಿಯದಂತೆ ಚೆಲ್ಲಿ, ಸಿಂಕನ್ನು ಸೋಪು ಹಾಕಿ ಬಿಸಿನೀರಿನಲ್ಲಿ ತೊಳೆಯಿರಿ. ಅರಿಶಿನ ಬಣ್ಣಕ್ಕೂ ವಾಸನೆಗೂ ಸರಿ, ಅದನ್ನು ನಂಬಿ ಕೈ ತೊಳೆಯದೆ ಇರಬೇಡಿ. ಇನ್ನೊಂದು ಮಾತು ಕೇಳುತ್ತೇನೆ. ಕೋಳಿ ಕತ್ತರಿಸಿದ ಈಳಿಗೆಮಣೆಯಲ್ಲೇ ಸೌತೆಕಾಯಿಯನ್ನೋ ನಂಜಿಕೊಳ್ಳುವ ಈರುಳ್ಳಿಯನ್ನೋ ಹೆಚ್ಚುತ್ತೀರಾ? ಅವು ಒಲೆ ಹತ್ತುವುದಿಲ್ಲ. ಅವನ್ನು ಮೊದಲೇ ಹೆಚ್ಚಿ ಮುಚ್ಚಿಟ್ಟು, ಆಮೇಲೆ ಕೋಳಿಗೆ ಕೈ ಹಾಕಿ.